ಅಪ್ಪನ ಕಂಪ್ಯೂಟರು ಮತ್ತು ನನ್ನ ಅಪ್‌ಗ್ರೇಡು

ಮನೆಯಲ್ಲೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಏನಾಗುತ್ತೆ ಅಂತ ಗೊತ್ತಲ್ಲ? ಪ್ರಿಂಟರ್ ಕೆಟ್ಟರೂ ಅವನೇ, ಟೀವಿ ರಿಮೋಟ್ ಕೆಟ್ಟರೂ ಅವನೇ, ಚಿಕ್ಕಮ್ಮನ ಮೊಬೈಲಲ್ಲಿ ವಾಟ್ಸಾಪ್ ಸದ್ದು ಬರದೇ ಇದ್ದರೂ ಅವನೇ. "ನಾನು ಅದನ್ನ ಓದಿಲ್ಲ ಚಿಕ್ಕಮ್ಮಾ" ಅಂದರೆ "ಮತ್ತೆ ನಾಲ್ಕು ವರ್ಷ ಎಂತ ಓದಿದೆ ಮಾರಾಯ?" ಅಂತ ಕೇಳುತ್ತಾರೆ. ಉತ್ತರ ನನ್ನ ಹತ್ತಿರವೂ ಇಲ್ಲ :)

ಆದರೆ ಈ ಕತೆಯಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಮೈಮೇಲೆ ಬಿದ್ದು ಹೋಗಿದ್ದು.

ಸಾಗರದಲ್ಲಿ ಅಪ್ಪನದ್ದೊಂದು ಫೋಟೋ ಸ್ಟುಡಿಯೋ ಇದೆ. 1989ರಲ್ಲಿ ಶುರು ಮಾಡಿದ್ದು. ನಾನು ಚಿಕ್ಕವನಿದ್ದಾಗ ಅದರ ಹಿಂದಿನ ಕೋಣೆ ಡಾರ್ಕ್ ರೂಮ್ ಆಗಿತ್ತು. ಕೆಂಪು ಬಲ್ಬು, ಹುಳಿ ಹುಳಿ ವಾಸನೆ, ದಾರಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟ ಯಾರ್‍ಯಾರದೋ ಮುಖಗಳು. ಯಾವ ನೆಗೆಟಿವ್‌ಗೆ ಎಷ್ಟು ಸೆಕೆಂಡ್ ಬೆಳಕು ಕೊಟ್ಟಿದ್ದು ಅನ್ನೋದನ್ನು ಅಪ್ಪ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಡಾರ್ಕ್ ರೂಮ್ ಹೋಗಿ ಈಗ ಅಲ್ಲಿ ಲ್ಯಾಮಿನೇಷನ್ ಮಶೀನ್ ಬಂದು ಕೂತಿದೆ. ಪುಸ್ತಕ ಬರೆಯೋ ಅಭ್ಯಾಸ ಮಾತ್ರ ಹೋಗಿಲ್ಲ. ಈ ಪುಸ್ತಕದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಸ್ಟುಡಿಯೋದ ಕಂಪ್ಯೂಟರ್ ಶಿವಮೊಗ್ಗದಲ್ಲಿ 2019ರಲ್ಲಿ ಅಸೆಂಬಲ್ ಮಾಡಿಸಿದ್ದು. ಮದುವೆ ಆಲ್ಬಂ ಡಿಸೈನ್ ಮಾಡಬೇಕಲ್ಲ, ಅದಕ್ಕೆ ಅಂತ ಎರಡು ಫ್ಯಾನಿನ ಒಂದು ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸಿದ್ದೆವು. ಆರು ವರ್ಷ ವಿಂಡೋಸ್ 10 ಮೇಲೆ ಒಂದು ದಿನವೂ ಗೊಣಗದೆ ದುಡಿದಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ದಾರಿಯೂ ಇತ್ತು. ಆದರೆ ನಮ್ಮಂಥವರಿಗೆ ಕೈ ಸುಮ್ಮನಿರಬೇಕಲ್ಲ! ದೀಪಾವಳಿಗೆ ಊರಿಗೆ ಹೋದವನು, ಅಕ್ಟೋಬರ್ 20ರ ಸೋಮವಾರ, ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ, ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಕೂತೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಬಯಾಸ್‌ಗೆ ಹೋಗಿ ಅದನ್ನು ಆನ್ ಮಾಡಿದೆ. ಬಯಾಸ್ ಹಳೆಯದಿತ್ತು, ಅದನ್ನೂ ಹೊಸದು ಮಾಡಿದೆ. ವಿಂಡೋಸ್ ಅಪ್‌ಗ್ರೇಡ್ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ಇತ್ತೀಚಿನದನ್ನು ಹಾಕಿದೆ. ಹೇಗೂ ಕೂತಿದ್ದೀನಲ್ಲ ಅಂತ ಫೋಟೋಶಾಪನ್ನೂ ಅಪ್‌ಡೇಟ್ ಮಾಡಿದೆ. ರಾತ್ರಿ ಒಂದೂವರೆಗೆ ಎಲ್ಲ ಮುಗಿಯಿತು. ಬೆಳಗ್ಗೆ ಅಪ್ಪ ನೋಡಿ "ಸ್ಟಾರ್ಟ್ ಬಟನ್ ನಡುವಿಗೆ ಬಂದು ಕೂತಿದೆಯಲ್ಲೋ" ಅಂದರು. ಅಷ್ಟೇ ಅವರ ಪ್ರತಿಕ್ರಿಯೆ. ಗೋಪೂಜೆ ಮುಗಿಸಿ, ಹೋಳಿಗೆ ಡಬ್ಬಿ ಹಿಡಿದು, ಬುಧವಾರ ರಾತ್ರಿ ಬೆಂಗಳೂರಿನ ರೈಲು ಹತ್ತಿದೆ.

ಶುಕ್ರವಾರ ಮೀಟಿಂಗಲ್ಲಿದ್ದಾಗ ಅಪ್ಪನ ಫೋನು.

"ಪರದೆ ಕಪ್ಪಾಯ್ತು ಕಣೋ. ಆಮೇಲೆ ಬಂತು. ಫೋಟೋಶಾಪ್ ಮುಚ್ಚಿಕೊಂಡು ಹೋಯ್ತು."

"ನೀವು ಏನು ಒತ್ತಿದ್ರಿ?"

"ಏನೂ ಇಲ್ಲ. ಆಲ್ಬಂ ಮಾಡ್ತಿದ್ದೆ."

ಸಂಜೆ ಮತ್ತೆ ಫೋನು. ಶನಿವಾರ ಮೂರು ಸಲ. ಪ್ರತಿ ಸಲವೂ ನನ್ನ ಮೊದಲ ಪ್ರಶ್ನೆ ಅದೇ. "ಏನು ಒತ್ತಿದ್ರಿ ಅಪ್ಪಾ?"

ವಿಷಯ ಏನಪ್ಪಾ ಅಂದರೆ, ಗ್ರಾಫಿಕ್ಸ್ ಕಾರ್ಡಿಗೆ ವಿಂಡೋಸ್ ಒಂದು ಕೆಲಸ ಕೊಡುತ್ತೆ. ಎರಡು ಸೆಕೆಂಡಾದರೂ ಕಾರ್ಡ್ ಅದನ್ನು ಮುಗಿಸದೆ, ಪಕ್ಕಕ್ಕೂ ಇಡದೆ ಕೂತರೆ 'ಇದು ಸತ್ತಿದೆ' ಅಂತ ತೀರ್ಮಾನಿಸಿ ಕಾರ್ಡನ್ನೂ ಡ್ರೈವರನ್ನೂ ಮತ್ತೆ ಶುರು ಮಾಡುತ್ತೆ. ಆಗಲೇ ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬರೋದು. ಈ ವ್ಯವಸ್ಥೆ ಬಂದಿದ್ದು ವಿಸ್ಟಾ ಕಾಲದಲ್ಲಿ. ಹಾಗೆ ಚೇತರಿಸಿಕೊಂಡಾಗಲೆಲ್ಲ ವಿಂಡೋಸ್ ತನ್ನ ಲಾಗಿನಲ್ಲಿ 4101 ಅನ್ನೋ ಸಂಖ್ಯೆ ಹಾಕಿ ಒಂದು ಸಾಲು ಬರೆದಿಡುತ್ತೆ: ಡ್ರೈವರ್ ಉತ್ತರ ಕೊಡಲಿಲ್ಲ, ಈಗ ಸರಿಯಾಗಿದೆ, ಅಂತ. ಚೇತರಿಸಿಕೊಳ್ಳದಿದ್ದರೆ ಇಡೀ ಕಂಪ್ಯೂಟರ್ ಮಲಗುತ್ತೆ.

ರಿಮೋಟಲ್ಲಿ ಹೊಕ್ಕು ನೋಡಿದೆ. 4101, 4101, 4101... ಅಪ್‌ಗ್ರೇಡ್ ಆದ ಮೇಲೆ ಬರೀ ಅದೇ. ಮುಗೀತು ಕತೆ, ಡ್ರೈವರ್ರೇ ಕಳ್ಳ ಅಂದುಕೊಂಡೆ. ಹಾಗೆ ಅಂದುಕೊಳ್ಳೋಕೆ ಇತಿಹಾಸದ ಆಧಾರವೂ ಇದೆ ಸ್ವಾಮಿ. 2008ರಲ್ಲಿ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಹೊರಬಿದ್ದ ಕಡತಗಳ ಪ್ರಕಾರ, 2007ರಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶುಗಳಲ್ಲಿ ಶೇಕಡ 28ಕ್ಕೂ ಹೆಚ್ಚಿನವು ಒಂದೇ ಒಂದು ಗ್ರಾಫಿಕ್ಸ್ ಕಂಪನಿಯ ಡ್ರೈವರುಗಳಿಂದ ಆಗಿದ್ದವು. ಹೊಸ ವಿಂಡೋಸ್ ಬಂದಾಗ ಪರದೆ ಕಪ್ಪಾದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅನ್ನೋದು ನಮ್ಮ ವೃತ್ತಿಯವರಿಗೆ ಬಾಯಿಪಾಠ.

ಸರಿ, ಶುರುವಾಯಿತು ನನ್ನ ಆಟ. ಹಳೆಯ ಡ್ರೈವರ್ ಹಾಕಬೇಕು ಅಂದರೆ ಹೊಸದನ್ನು ಬೇರು ಸಮೇತ ಕೀಳಬೇಕು. ಅದಕ್ಕೆ ಡಿಡಿಯು ಅಂತ ಒಂದು ಸಣ್ಣ ತಂತ್ರಾಂಶ ಇದೆ, ಅದನ್ನು ಸೇಫ್ ಮೋಡಿನಲ್ಲಿ ಓಡಿಸಿದರೆ ಒಳ್ಳೆಯದು. ಆದರೆ ಸೇಫ್ ಮೋಡಿಗೆ ಹೋದ ಕೂಡಲೇ ನನ್ನ ರಿಮೋಟ್ ಕಟ್! ಹಾಗಾಗಿ ಭಾನುವಾರ ಬೆಳಗ್ಗೆ ಫೋನಲ್ಲೇ ಅಪ್ಪನಿಗೆ ಹೇಳಿಕೊಡುತ್ತಾ ಕೂತೆ.

"ಶಿಫ್ಟ್ ಒತ್ತಿ ಹಿಡ್ಕೊಂಡು ರೀಸ್ಟಾರ್ಟ್ ಕೊಡಿ. ಹ್ಞಾಂ, ಈಗ ಟ್ರಬಲ್‌ಶೂಟ್ ಅಂತ ಇದೆಯಾ?"

"ಇದೆ."

"ಅದನ್ನ ಒತ್ತಿ. ಮುಂದೆ ಅಡ್ವಾನ್ಸ್‌ಡ್ ಆಪ್ಷನ್ಸ್... ಕೊನೆಗೆ ಸಂಖ್ಯೆಗಳ ಪಟ್ಟಿ ಬರುತ್ತೆ, ಅಲ್ಲಿ 4 ಒತ್ತಿ. 4 ಅಪ್ಪಾ, ನಾಲ್ಕು! 5 ಅಲ್ಲ!"

ಧ್ವನಿ ಏರಿತ್ತು ನನ್ನದು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಪ್ಪ ಮೆಲ್ಲಗೆ "ನಾಲ್ಕನ್ನೇ ಒತ್ತಿದೀನಿ ಕಣೋ" ಅಂದರು.

ಹಳೆಯ ಡ್ರೈವರ್ ಕೂತಿತು. ಪರದೆ ಮತ್ತೆ ಕಪ್ಪಾಯಿತು. ಎರಡು ಸೆಕೆಂಡಿನ ಆ ಗಡುವನ್ನು ರಿಜಿಸ್ಟ್ರಿಯಲ್ಲಿ ಹತ್ತಕ್ಕೆ ಏರಿಸಿದೆ. ಈಗ ಎರಡು ಸೆಕೆಂಡಿನ ಬದಲು ಹತ್ತು ಸೆಕೆಂಡ್ ಸ್ತಬ್ಧವಾಗಿ ನಿಂತು ಆಮೇಲೆ ಕಪ್ಪಾಗತೊಡಗಿತು. ಫೋಟೋಶಾಪಿನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಸುವ ಗುರುತು ತೆಗೆದೆ. ಕಾಟ ಕಡಿಮೆಯಾಯಿತು. ಆದರೆ ಬ್ರಶ್ ಎಳೆದರೆ ಅದು ಹಿಂದಿನಿಂದ ತೆವಳಿಕೊಂಡು ಬರುತ್ತಿತ್ತು, ಅದರಲ್ಲಿ ಆಲ್ಬಂ ಕೆಲಸ ಅಸಾಧ್ಯ. ವಾಪಸ್ ಹಾಕಿದೆ. ಪವರ್ ಪ್ಲ್ಯಾನ್ ಬದಲಿಸಿದೆ. ಇನ್ನೂ ಏನೇನೋ ಬದಲಿಸಿದೆ, ಎಲ್ಲ ನೆನಪಿಲ್ಲ. ಕಾರ್ಡಿನ ಉಷ್ಣಾಂಶವನ್ನೂ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದ್ದೆ, ಸುಳ್ಳು ಹೇಳೋದಿಲ್ಲ. 52 ಡಿಗ್ರಿ ಇತ್ತು. ಬಿಸಿಯ ಸಮಸ್ಯೆ ಅಲ್ಲ ಅಂತ ಬದಿಗಿಟ್ಟೆ.

ಆಫೀಸಿನಲ್ಲಿ ಹೊಸ ಹುಡುಗರಿಗೆ ನಾನು ದಿನಾ ಹೇಳೋ ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಅಪ್ಪನ ಕಂಪ್ಯೂಟರಿನಲ್ಲಿ ನಾನು ಮಾಡಿದ್ದು ನೋಡಿದರೆ ಆ ಹುಡುಗರು ನಗುತ್ತಿದ್ದರು.

ಇತ್ತ ಕಾಲ ಓಡುತ್ತಿತ್ತು. ಅಪ್ಪ ಮಾಡುತ್ತಿದ್ದದ್ದು ಒಂದು ಮದುವೆ ಆಲ್ಬಂ, ನಲವತ್ತು ಶೀಟಿನದು. ಹುಡುಗಿ ನವೆಂಬರ್ 5ಕ್ಕೆ ಗಂಡನ ಜೊತೆ ವಿದೇಶಕ್ಕೆ ಹೊರಡುವವಳು. ಮೂವತ್ತನೇ ತಾರೀಖು ರಾತ್ರಿಯೊಳಗೆ ಫೈಲುಗಳು ಶಿವಮೊಗ್ಗದ ಲ್ಯಾಬಿಗೆ ಹೋದರೆ ಮಾತ್ರ ಆಲ್ಬಂ ಅವಳ ಕೈಸೇರುತ್ತೆ. ಹೇಳಿದ ದಿನ ತಪ್ಪಿಸಿದ ಹೆಸರು ಅಪ್ಪನಿಗಿಲ್ಲ. ಇನ್ನೊಂದು ಕಡೆ, ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಮಾತ್ರ ವಿಂಡೋಸ್ 10ಕ್ಕೆ ವಾಪಸ್ ಹೋಗಬಹುದು. ಆಮೇಲೆ ಹಳೆಯದನ್ನು ಇಟ್ಟುಕೊಂಡಿರುವ ಫೋಲ್ಡರನ್ನು ವಿಂಡೋಸ್ ತಾನೇ ಅಳಿಸಿಬಿಡುತ್ತೆ. ಅದರ ಗಡುವೂ ಸರಿಯಾಗಿ ಮೂವತ್ತಕ್ಕೇ!

ಮಂಗಳವಾರ ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು. ಅಪ್ಪ ಊಟಕ್ಕೆ ಬಂದವರು ಸರಿಯಾಗಿ ಊಟ ಮಾಡಲಿಲ್ಲವಂತೆ. "ನನಗೆ ವಯಸ್ಸಾಯ್ತು ಕಣೇ, ಕೈ ಎಲ್ಲೆಲ್ಲೋ ಹೋಗುತ್ತೇನೋ, ನಾನೇ ಏನೋ ಒತ್ತಿಬಿಡ್ತಿದೀನಿ ಅನ್ಸುತ್ತೆ" ಅಂದರಂತೆ.

ನನಗೆ ಕುತ್ತಿಗೆ ಹಿಸುಕಿದ ಹಾಗಾಯಿತು. ಪೂರ್ತಿ ಕತ್ತಲೆಯಲ್ಲಿ ಬೆರಳಲ್ಲೇ ತಡವಿ ಫಿಲ್ಮನ್ನು ರೀಲಿಗೆ ಸುತ್ತುತ್ತಿದ್ದ ಮನುಷ್ಯ ಅವರು. ತಮ್ಮ ಕೈಯ ಮೇಲೆ ಅವರಿಗೆ ಅನುಮಾನ ಹುಟ್ಟಿದ್ದು ಕಂಪ್ಯೂಟರಿನಿಂದ ಅಲ್ಲ, ದಿನಕ್ಕೆ ಮೂರು ಸಲ ನಾನು ಕೇಳಿದ ಆ ಪ್ರಶ್ನೆಯಿಂದ. ಮ್ಯಾನೇಜರಿಗೆ ಎರಡು ದಿನ ರಜೆ ಅಂತ ಮೆಸೇಜ್ ಹಾಕಿ ರಾತ್ರಿ ತಾಳಗುಪ್ಪದ ರೈಲು ಹತ್ತಿದೆ.

ಬುಧವಾರ ಬೆಳಗ್ಗೆ ಜಂಬಗಾರು ಸ್ಟೇಷನ್ನಿನಲ್ಲಿ ಇಳಿದು, ಮನೆಗೆ ಹೋಗಿ ಕಾಫಿ ಕುಡಿದು, ಅಪ್ಪನ ಜೊತೆಗೇ ಅಂಗಡಿಗೆ ಬಂದೆ. ಕೂತವನೇ ವಿಂಡೋಸ್ 10ಕ್ಕೆ ವಾಪಸ್ ಹೋಗುವ ಬಟನ್ ಹುಡುಕತೊಡಗಿದೆ. ಅಪ್ಪ ಪಕ್ಕದಲ್ಲಿ ನಿಂತು ಅಂದರು, "ಅದನ್ನ ಮಾಡೋಕೆ ಮುಂಚೆ ಇದನ್ನೊಂದು ನೋಡು. ನಿಂಗೆ ಉಪಯೋಗ ಆಗುತ್ತೋ ಇಲ್ವೋ."

ಅದೇ ಉದ್ದನೆಯ ಪುಸ್ತಕ. ಹಿಂದಿನ ಪುಟದಲ್ಲಿ ಗೆರೆ ಎಳೆದು ಬರೆದಿದ್ದಾರೆ. ತಾರೀಖು, ಗಂಟೆ, ಏನು ಮಾಡುತ್ತಿದ್ದೆ, ಕಂಪ್ಯೂಟರ್ ಹಾಕಿ ಎಷ್ಟು ಹೊತ್ತಾಗಿತ್ತು. "24-10, 11.20, ಆಲ್ಬಂ ಶೀಟ್ 3, ಹಾಕಿ 1.50 ಗಂಟೆ." "25-10, 4.35, ಶೀಟ್ 7, ಹಾಕಿ 1 ಗಂಟೆ." ಹೀಗೆ ಹದಿನಾಲ್ಕು ಸಾಲು.

"ಯಾಕೆ ಹೊತ್ತು ಬರೆದಿದ್ದೀರಿ?" ಅಂದೆ.

"ಮತ್ತೆಂತ ಬರೆಯೋದು? ಟೆಸ್ಟ್ ಸ್ಟ್ರಿಪ್ ಮಾಡೋವಾಗಲೂ ಹೊತ್ತು ಒಂದನ್ನೇ ಬದಲಿಸೋದು. ಕಾಗದ, ಡೆವಲಪರ್, ಲೆನ್ಸ್ ಎಲ್ಲ ಹಾಗೇ ಇರಬೇಕು. ಇಲ್ದಿದ್ರೆ ಫೋಟೋ ಯಾಕೆ ಕಪ್ಪಾಯ್ತು ಅಂತ ಹೆಂಗೆ ಗೊತ್ತಾಗುತ್ತೆ?"

ಟೆಸ್ಟ್ ಸ್ಟ್ರಿಪ್ ಅಂದರೆ ಗೊತ್ತಿಲ್ಲದವರಿಗೆ: ಎನ್‌ಲಾರ್ಜರ್ ಕೆಳಗೆ ಫೋಟೋ ಕಾಗದದ ಒಂದು ಪಟ್ಟಿ ಇಟ್ಟು, ಮೇಲೆ ರಟ್ಟು ಹಿಡಿದು, ಐದೈದು ಸೆಕೆಂಡಿಗೊಮ್ಮೆ ರಟ್ಟನ್ನು ಸ್ವಲ್ಪ ಸರಿಸೋದು. ಡೆವಲಪರಿಗೆ ಹಾಕಿದರೆ ಒಂದೇ ಪಟ್ಟಿಯಲ್ಲಿ 5, 10, 15, 20 ಸೆಕೆಂಡಿನ ಛಾಯೆಗಳು ಮೂಡುತ್ತವೆ. ಸರಿಯಾದದ್ದನ್ನು ಆರಿಸಿಕೊಂಡು ಪೂರ್ತಿ ಫೋಟೋ ಹಾಕೋದು. ನಾನು ಹುಡುಗರಿಗೆ ಹೇಳುವ ಪಾಠ ನಾನು ಹುಟ್ಟುವ ಮೊದಲೇ ನಮ್ಮ ಮನೆಯಲ್ಲಿತ್ತು!

ಪುಸ್ತಕ ನೋಡುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹದಿನಾಲ್ಕರಲ್ಲಿ ಒಂದು ಸಲವೂ ಕಂಪ್ಯೂಟರ್ ಹಾಕಿದ ಮೊದಲ ನಲವತ್ತು ನಿಮಿಷದಲ್ಲಿ ಪರದೆ ಕಪ್ಪಾಗಿಲ್ಲ. ಮಧ್ಯಾಹ್ನ ಒಂದೂವರೆಗೆ ಆಫ್ ಮಾಡಿ ಮೂರೂವರೆಗೆ ಬಂದು ಹಾಕಿದರೆ, ಮತ್ತೆ ನಲವತ್ತು ನಿಮಿಷ ಆರಾಮ. ಡ್ರೈವರಿನ ತಪ್ಪಾಗಿದ್ದರೆ ಅದು ಹೀಗೆ ಗಡಿಯಾರ ನೋಡಿಕೊಂಡು ಬರೋದು ಕಡಿಮೆ. ಬಿಸಿ ಮಾತ್ರ ಹಾಗೆ ಮೆಲ್ಲಗೆ ಏರೋದು. ಮತ್ತೆ ಆ 52 ಡಿಗ್ರಿ? ಪರದೆ ಕೆಟ್ಟ ಮೇಲೆ ಅಪ್ಪ ಆಫ್ ಮಾಡಿ, ನನಗೆ ಫೋನ್ ಮಾಡಿ, ನಾನು ಪುರುಸೊತ್ತಾದಾಗ "ಈಗ ಹಾಕಿ" ಅಂದ ಮೇಲೆ ಹಾಕುತ್ತಿದ್ದರು. ನಾನು ಪ್ರತಿ ಸಲವೂ ನೋಡಿದ್ದು ಆರಿದ ಕಾರ್ಡನ್ನು.

ತಲೆಯಲ್ಲಿ ಇನ್ನೊಂದು ಹೊಳೆಯಿತು. ಹಳೆಯ ವಿಂಡೋಸಿನ ಫೋಲ್ಡರ್ ಇನ್ನೂ ಅಳಿಸಿಲ್ಲವಲ್ಲ, ಅದರೊಳಗೆ ಅದರ ಲಾಗುಗಳೂ ಇರಬೇಕು! ತೆರೆದು ನೋಡಿದೆ. 4101, ಅಕ್ಟೋಬರ್ 4. ಮತ್ತೆ 9. ಮತ್ತೆ 13, 17. ಅಪ್‌ಗ್ರೇಡಿಗಿಂತ ಮೊದಲು! ಸೆಪ್ಟೆಂಬರಿನಲ್ಲಿ ಒಂದೂ ಇಲ್ಲ. ಆಗಸ್ಟಿನಲ್ಲೂ ಇಲ್ಲ.

"ಅಪ್ಪಾ, ಹಬ್ಬಕ್ಕೆ ಮುಂಚೆಯೂ ಪರದೆ ಕಪ್ಪಾಗ್ತಿತ್ತಾ?"

"ಒಂದೆರಡು ಸಲ ಮಿಟುಕಿಸಿತ್ತು. ಕರೆಂಟ್ ಹೋಗಿ ಬಂದಿರಬೇಕು ಅಂದುಕೊಂಡೆ."

"ಅಕ್ಟೋಬರ್ ಮೊದಲ ವಾರ ಏನಾದ್ರೂ ಆಯ್ತಾ? ಕಂಪ್ಯೂಟರ್ ಜಾಗ ಬದಲಿಸಿದ್ರಾ, ಯಾರಾದ್ರೂ ರಿಪೇರಿ ಮಾಡಿದ್ರಾ?"

"ಇಲ್ಲಪ್ಪ. ಒಂದನೇ ತಾರೀಖು ಆಯುಧ ಪೂಜೆ ಮಾಡಿದ್ವಿ, ಅಷ್ಟೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಕ್ಯಾಬಿನೆಟ್ಟಿನ ಒಂದು ಬದಿಯ ಮುಚ್ಚಳವನ್ನು ಬೇಸಿಗೆಯಲ್ಲಿ ಗಾಳಿಯಾಡಲಿ ಅಂತ ಅಪ್ಪ ತೆಗೆದಿಟ್ಟಿದ್ದರು. ಆ ಬದಿ ಗೋಡೆ ಕಡೆಗಿತ್ತು. ದೀಪಾವಳಿಯ ರಾತ್ರಿ ನಾಲ್ಕು ಗಂಟೆ ಅದರ ಮುಂದೆ ಕೂತಿದ್ದೆನಲ್ಲ, ಒಂದು ಸಲ ಬಗ್ಗಿ ನೋಡಿರಲಿಲ್ಲ. ಈಗ ಎಳೆದು ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟೆ. ಗ್ರಾಫಿಕ್ಸ್ ಕಾರ್ಡಿನ ಎರಡು ಫ್ಯಾನುಗಳಲ್ಲಿ ಒಂದರ ಸುತ್ತ ಒಣಗಿದ ಬಾಳೆನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಅದಕ್ಕಂಟಿಕೊಂಡು ನಾಲ್ಕೈದು ಚೆಂಡು ಹೂವಿನ ಎಸಳು. ಅಮ್ಮ ಕಟ್ಟಿದ ಮಾಲೆ! ಪೂಜೆ ದಿನ ಕ್ಯಾಬಿನೆಟ್ ಮೇಲೆ ಹಾಕಿದ್ದು, ತೆಗೆಯುವಾಗ ತುದಿ ಹರಿದು ಒಳಗೆ ಬಿದ್ದಿದೆ. ಮೊದಲು ಸಡಿಲವಾಗಿ ಸಿಕ್ಕಿಕೊಂಡು, ದಿನ ಕಳೆದ ಹಾಗೆ ಬಿಗಿದುಕೊಂಡು, ಆ ಫ್ಯಾನನ್ನು ಪೂರ್ತಿ ನಿಲ್ಲಿಸಿದೆ. ಹಬ್ಬದ ನಂತರ ಆಲ್ಬಂ ಕೆಲಸ ದಿನಪೂರ್ತಿ ಶುರುವಾಗಿದ್ದೂ, ಕಾಟ ಹೆಚ್ಚಾಗಿದ್ದೂ, ನಾನು ಅಪ್‌ಗ್ರೇಡ್ ಮಾಡಿದ್ದೂ ಒಂದೇ ವಾರ. ನಾನು ಕೊನೆಯದನ್ನು ಮಾತ್ರ ನೋಡಿದೆ.

ಅಪ್ಪ ನೆಗೆಟಿವ್ ಹಿಡಿಯುವ ಹಳೆಯ ಚಿಮಟ ತಂದರು. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ನಾರನ್ನು ಒಂದೊಂದೇ ಎಳೆ ಬಿಡಿಸಿದರು. ನಾನು ಬಿಡಿಸುತ್ತೇನೆ ಅಂದರೆ ಕೊಡಲಿಲ್ಲ. ಅವರ ಕೈ ಒಂಚೂರೂ ನಡುಗಲಿಲ್ಲ ಅನ್ನೋದನ್ನು ನಾನು ನೋಡುತ್ತಾ ನಿಂತಿದ್ದೆ. ಲೆನ್ಸ್ ಒರೆಸುವ ಬ್ಲೋವರಿನಿಂದ ಧೂಳು ಊದಿ, ಮುಚ್ಚಳ ಹಾಕಿದೆವು.

ಮಾಡಿದ ತಪ್ಪು ಮತ್ತೆ ಮಾಡಬಾರದಲ್ಲ, ಈ ಸಲ ಬೇರೇನನ್ನೂ ಮುಟ್ಟಲಿಲ್ಲ. ಅದೇ ವಿಂಡೋಸ್ 11, ಅದೇ ಹಳೆ ಡ್ರೈವರ್, ಅದೇ ಹತ್ತು ಸೆಕೆಂಡಿನ ಗಡುವು. ಬದಲಾಗಿದ್ದು ನಾರು ಒಂದೇ. (ಮುಚ್ಚಳ ಹಾಕಿದ್ದು ಎರಡನೆಯ ಬದಲಾವಣೆ ಅಂತ ಅಪ್ಪ ಎತ್ತಿ ತೋರಿಸಿದರು, ತೆಗೆದಿಟ್ಟೆವು!) ಎರಡು ಗಂಟೆ ಒಂದೇ ಸಮ ಆಲ್ಬಂ ಕೆಲಸ. ಕಾರ್ಡ್ 66 ಡಿಗ್ರಿ ದಾಟಲಿಲ್ಲ. ಮುಚ್ಚಳ ಹಾಕಿ ಮತ್ತೆ ಎರಡು ಗಂಟೆ. 69. ಆಮೇಲೆ ಹೊಸ ಡ್ರೈವರ್. ಆಮೇಲೆ ಗಡುವನ್ನು ಎರಡು ಸೆಕೆಂಡಿಗೆ ಇಳಿಸಿದೆ. ಒಂದೊಂದಾದ ಮೇಲೂ ಅಪ್ಪ ಪುಸ್ತಕದಲ್ಲಿ ಬರೆದರು. ಗುರುವಾರ ರಾತ್ರಿ ಹತ್ತೂಕಾಲಿಗೆ ನಲವತ್ತನೇ ಶೀಟ್ ಮುಗಿದು, ಫೈಲುಗಳು ಲ್ಯಾಬಿಗೆ ಹೋದವು. ವಿಂಡೋಸ್ 10ಕ್ಕೆ ವಾಪಸ್ ಹೋಗುವ ಬಟನ್ ಹಾಗೇ ಉಳಿಯಿತು, ಅದರ ಗಡುವು ತಾನಾಗಿಯೇ ತೀರಿತು.

ಅಮ್ಮನಿಗೆ ಹೇಳಿದೆವು. "ಹಂಗಾದ್ರೆ ದೇವರಿಗೆ ಹೂವು ಹಾಕಿದ್ದೇ ತಪ್ಪಾ?" ಅಂತ ಸಿಟ್ಟಾದಳು. ಹೂವಿನದೇನೂ ತಪ್ಪಿಲ್ಲಮ್ಮಾ, ಮುಚ್ಚಳದ್ದು ಅಂತ ಸಮಾಧಾನ ಮಾಡಿದೆ. ಇನ್ನು ಮುಂದೆ ಕಂಪ್ಯೂಟರಿಗೆ ಕುಂಕುಮ ಮಾತ್ರ, ಹೂವೆಲ್ಲ ಕ್ಯಾಮೆರಾ ಬ್ಯಾಗಿಗೆ ಅಂತ ಒಪ್ಪಂದವಾಗಿದೆ :)

ನಿಮ್ಮ ಕಂಪ್ಯೂಟರಿನಲ್ಲೂ ಅಪ್‌ಗ್ರೇಡ್ ಆದಮೇಲೆ ಪರದೆ ಕಪ್ಪಾಗುತ್ತಿದ್ದರೆ ಡ್ರೈವರನ್ನು ಬೈಯಿರಿ, ಬೇಡ ಅನ್ನಲ್ಲ. ಎಷ್ಟೋ ಸಲ ಅದರದೇ ತಪ್ಪಿರುತ್ತೆ. ಅದಕ್ಕೆ ಮುಂಚೆ ಹಳೆಯ ಲಾಗನ್ನು ಒಂದು ಸಲ ನೋಡಿ. ಹತ್ತು ದಿನ ಅದು ಅಲ್ಲೇ ಇರುತ್ತೆ. ಕೆಲಸ ನಡೆಯುವಾಗಿನ ಬಿಸಿ ನೋಡಿ, ಆರಿದ ಮೇಲಿನದ್ದಲ್ಲ. ಕ್ಯಾಬಿನೆಟ್ಟಿನೊಳಗೆ ಟಾರ್ಚ್ ಬಿಡಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಒಂದು ಬಾಕಿ ಇದೆ. ಶುಕ್ರವಾರ ಬೆಂಗಳೂರಿಗೆ ಹೊರಡುವ ಮುಂಚೆ ಆ ಪುಸ್ತಕದ ಪುಟದ್ದೊಂದು ಫೋಟೋ ತೆಗೆದುಕೊಳ್ಳೋಣ ಅಂತ ತೆರೆದೆ. ಆಗ ಕಣ್ಣಿಗೆ ಬಿತ್ತು. ಭಾನುವಾರದ ಸಾಲು, ಅದೇ ನಾಲ್ಕು-ಐದು ಅಂತ ನಾನು ಕಿರುಚಿದ ದಿನದ್ದು. "26-10, 12.10, ಶೀಟ್ 11, ಹಾಕಿ 55 ನಿಮಿಷ." ಅದರ ಪಕ್ಕದಲ್ಲಿ, ಉಳಿದೆಲ್ಲದಕ್ಕಿಂತ ಸಣ್ಣ ಅಕ್ಷರದಲ್ಲಿ: "ನಾನೇನೂ ಒತ್ತಿಲ್ಲ."

ಅಪ್ಪ ಕೌಂಟರಿನಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ, ಬಂದವರಿಗೆ "ಕಂಪ್ಯೂಟರ್ ಕೆಟ್ಟಿತ್ತು, ನಮ್ಮ ಹುಡುಗ ಬಂದು ಸರಿ ಮಾಡಿದ" ಅಂತ ಹೇಳುತ್ತಿದ್ದರು. ನಾನು ಪುಸ್ತಕ ಮುಚ್ಚಿ ಇದ್ದಲ್ಲೇ ಇಟ್ಟೆ. ಕ್ಷಮಿಸಿ ಅಂತ ಹೇಳಬೇಕಿತ್ತು, ಆಗಲಿಲ್ಲ. ನಮ್ಮ ಮನೆಯಲ್ಲಿ ಆ ಅಭ್ಯಾಸ ಇಲ್ಲ. ಈಗ ಫೋನ್ ಬಂದರೆ ಮೊದಲು "ಏನಾಯ್ತಪ್ಪಾ, ಹೇಳಿ" ಅಂತೀನಿ, ಅವರು ಮುಗಿಸೋ ತನಕ ಸುಮ್ಮನೆ ಕೇಳುತ್ತೀನಿ. ಸದ್ಯಕ್ಕೆ ಅಷ್ಟೇ ಆಗಿರೋದು.